ಎರಡನೆಯ ಈಡು

೧೯೭೩ನೆಯ ಇಸವಿ ಅಕ್ಟೋಬರ್ ಹದಿನೈದು, ಸೋಮವಾರ. ಶೇಷಗಿರಿಯ ಕೋಟಿನ ಒಳಜೇಬುಗಳಲ್ಲಿ ಒಟ್ಟು ತೊಂಬತ್ತಾರು ಜರ್ಮನ್ ಮಾರ್ಕು ನಲವತ್ತು ಫೆನಿಗ್ ಇತ್ತು. ಬಲಗಡೆಯ ಜೇಬಿನಲ್ಲಿ, ಲಕೋಟೆಯೊಳಗೆ, ಪೂವಯ್ಯನ ಎಂಬತ್ತು ಮಾರ್ಕು. ಎಡಗಡೆಯ ಜೇಬಿನಲ್ಲಿ, ಚರ್ಮದ ಸಣ್ಣ ಚೀಲದಲ್ಲಿ, ವಾರದ ಹಾಲು ತರಕಾರಿಗೆಂದು ಎತ್ತಿಟ್ಟ ತನ್ನ ಹದಿನಾರು ನಲವತ್ತು. ಪರರ ಹಣ ತನ್ನ ಹಣದೊಡನೆ ಬೆರೆಯಬಾರದೆಂಬ ಕಟ್ಟುನಿಟ್ಟಿನಲ್ಲಿ ಬೆಳೆದವನು ಅವನು. ಕಾರ್ಲ್ಸ್‌ರುಹೆಯಿಂದ ಡುರ್ಲಾಖ್ ಕಡೆಗೆ ಹೊರಟ ಟ್ರಾಮಿನ ಕಿಟಕಿಯ ಪಕ್ಕದಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತಿದ್ದ. ಐವತ್ತನಾಲ್ಕು ವರ್ಷ ಬದುಕಿ, ಇಲಿಗೆ ಬೋನನ್ನೂ ಇಡದ ಆ ಮನುಷ್ಯ ಪಿಸ್ತೂಲು ಕೊಳ್ಳಲು ಹೊರಟಿದ್ದ.

ಶೇಷಗಿರಿ ನಂಜನಗೂಡಿನವನು. ಮೈಸೂರಿನಲ್ಲಿ ಗಣಿತ ಓದಿ, ಕಾರ್ಲ್ಸ್‌ರುಹೆಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸಂಖ್ಯಾಶಾಸ್ತ್ರ ಕಲಿಸಲು ಬಂದು ಹದಿನಾರು ವರ್ಷವಾಗಿತ್ತು. ಪೂವಯ್ಯ ವೀರಾಜಪೇಟೆಯ ಕಡೆಯ ಕೊಡವ. ಊರಾಚೆಯ ಸಂಶೋಧನಾ ಕೇಂದ್ರವೊಂದರಲ್ಲಿ ರಸಾಯನ ವಿಜ್ಞಾನಿ. ಅವನ ಹೆಂಡತಿ ದೇಚಮ್ಮ. ಒಬ್ಬನು ಬೆಳ್ಳುಳ್ಳಿ ಸಹ ಮುಟ್ಟದವನು, ಇನ್ನೊಬ್ಬನು ಹಂದಿಮಾಂಸವಿಲ್ಲದೆ ಹಬ್ಬ ಮಾಡದವನು. ಆದರೂ ಇಡೀ ಊರಿನಲ್ಲಿ ಕನ್ನಡ ಕೇಳಿಸುತ್ತಿದ್ದ ಮನೆಗಳು ಆ ಕಾಲದಲ್ಲಿ ಎರಡೇ ಆಗಿದ್ದುದರಿಂದ ಇಬ್ಬರಿಗೂ ಬೇರೆ ದಾರಿ ಇರಲಿಲ್ಲ. ಹೀಗೆ ದಾರಿಯಿಲ್ಲದೆ ಆರಂಭವಾದ ಗೆಳೆತನ ಬಹಳ ಗಟ್ಟಿಯಾಗಿ ಬೆಳೆದಿತ್ತು.

ನಾಲ್ಕು ದಿನದ ಹಿಂದೆ ಪೂವಯ್ಯ ಆಸ್ಪತ್ರೆಯ ಮಂಚದ ಮೇಲೆ ದಿಂಬಿಗೆ ಒರಗಿ ಕುಳಿತು ಅವನನ್ನು ಬರಹೇಳಿದ್ದ. ಕಣ್ಣಿನ ಬಿಳಿ ಅರಿಶಿನದ ಬಣ್ಣಕ್ಕೆ ತಿರುಗಿತ್ತು. ಪಿತ್ತಕೋಶದಲ್ಲಿ ಆರಂಭವಾದದ್ದು ಆಗಲೇ ಎಲ್ಲೆಲ್ಲಿಗೋ ಹರಡಿದೆ, ಕೊಯ್ದು ಪ್ರಯೋಜನವಿಲ್ಲ, ನಲವತ್ತು ದಿನ ಎಂದುಕೊಳ್ಳಿ ಎಂದು ಡಾಕ್ಟರು ನೇರವಾಗಿಯೇ ಹೇಳಿದ್ದರು.

"ಮೇಷ್ಟ್ರೇ, ಕೂತ್ಕೊಳ್ಳಿ," ಎಂದ ಪೂವಯ್ಯ. "ಒಂದು ಶಾಪಿಂಗ್ ಇದೆ."

"ಏನ್ರೀ ಬೇಕು? ಕಿತ್ತಳೆ ತಂದಿದೀನಿ."

"ಕಿತ್ತಳೆ ನೀವೇ ತಿನ್ನಿ ಮಾರಾಯ. ನನಗೊಂದು ಕೋವಿ ಬೇಕು."

ಶೇಷಗಿರಿ ಮೊದಲು ಬಾಗಿಲ ಕಡೆ ನೋಡಿದ, ಆಮೇಲೆ ಗೆಳೆಯನ ಮುಖ ನೋಡಿದ. ಅವನ ಎದೆಯಲ್ಲಿ ಹುಟ್ಟಿದ ಸಂಶಯವನ್ನು ಪೂವಯ್ಯ ಓದಿಬಿಟ್ಟ.

"ಛೇ, ಅದಕ್ಕಲ್ಲ! ಹೇಗೂ ಹೋಗೋನಿಗೆ ಟಿಕೆಟ್ಟು ಯಾಕೆ? ಹೋದ ಮೇಲೆ ಎರಡು ಈಡು ಹೊಡೀಬೇಕು. ಅದಕ್ಕೆ."

ಆ ಪದ್ಧತಿ ಶೇಷಗಿರಿಗೆ ಹೊಸದಾಗಿರಲಿಲ್ಲ. ಪೂವಯ್ಯನ ಸೀಮೆಯಲ್ಲಿ ಗಂಡು ಮಗು ಹುಟ್ಟಿದರೆ ಮನೆಯಂಗಳದಲ್ಲಿ ಒಂದು ಈಡು ಹಾರಿಸುತ್ತಾರೆ. ಮನೆಯಲ್ಲಿ ಸಾವಾದರೆ ಎರಡು, ಒಂದರ ಬೆನ್ನಿಗೇ ಒಂದು. ಗದ್ದೆಯಲ್ಲಿದ್ದವರು, ಗುಡ್ಡದಾಚೆ ಇದ್ದವರು ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಎಣಿಸುತ್ತಾರೆ. ಒಂದಕ್ಕೆ ನಿಂತರೆ ನಗುತ್ತಾರೆ. ಎರಡಾದರೆ ಬಿಳಿ ಬಟ್ಟೆ ಉಟ್ಟು ಹೊರಡುತ್ತಾರೆ. ಕಾಗದವಿಲ್ಲ, ತಂತಿಯಿಲ್ಲ. ಲೆಕ್ಕವೊಂದೇ ಸುದ್ದಿ.

"ಇಲ್ಲಿ ಯಾರು ಬರ್ತಾರ್ರೀ, ಕೇಳಿಸಿಕೊಂಡು?" ಎಂದ ಶೇಷಗಿರಿ.

"ಯಾರೂ ಬರಲ್ಲ. ಗೊತ್ತು. ಆದರೆ ದೇಚಮ್ಮ ಕೇಳಬೇಕು. ತಿಳಿಸೋದು ತಿಳಿಸಿ ಆಯ್ತು ಅಂತ ಅವಳಿಗೆ ಅನ್ನಿಸಬೇಕು. ಹೆಣ ಊರಿಗೆ ಕಳಿಸೋಕೆ ಏರೋಪ್ಲೇನಿನವರು ಎಷ್ಟು ಕೇಳ್ತಾರೆ ಅಂತ ನೀವೇ ಲೆಕ್ಕ ಹಾಕಿ ಕೊಟ್ರಲ್ಲ. ಅದು ಆಗಲ್ಲ. ಇದಾದರೂ ಆಗಲಿ."

"ಪಟಾಕಿ ಹೊಡೆದರೆ ಆಗೋದಿಲ್ವೇ? ಖರ್ಚೂ ಕಡಿಮೆ."

ಪೂವಯ್ಯ ನೋವಿನ ನಡುವೆಯೂ ಸಿಟ್ಟಿಗೆದ್ದ. "ಪಟಾಕಿ ಹೊಡೆದು ಕಳಿಸ್ತೀರಾ ನನ್ನ? ನಾನೇನು ನರಕಾಸುರನಾ? ಸಾಲದ್ದಕ್ಕೆ ಈ ಊರಲ್ಲಿ ಪಟಾಕಿ ಸಿಗೋದು ವರ್ಷದ ಕೊನೆಗೆ. ಅಲ್ಲೀವರೆಗೆ ಕಾಯ್ತಾ ಕೂತಿರ್ಲಾ?"

ಆಮೇಲೆ ಅವನು ದಿಂಬಿನ ಕೆಳಗಿನಿಂದ ಒಂದು ಹಳೆಯ ರಸೀತಿ ತೆಗೆದು ಶೇಷಗಿರಿಯ ಅಂಗೈ ಮೇಲಿಟ್ಟ. ೧೯೬೨ರ ಫೆಬ್ರುವರಿಯದು. ಆ ತಿಂಗಳು ಶೇಷಗಿರಿ ಮತ್ತು ಅನಸೂಯರಿಗೆ ಗಂಡು ಮಗು ಹುಟ್ಟಿತ್ತು. ಕೋವಿಯಿಲ್ಲದ ಪೂವಯ್ಯ ಬೆಲೂನಿಗೆ ಜಲಜನಕ ತುಂಬಿ, ಬಾಡಿಗೆ ಮನೆಯ ಹಿತ್ತಿಲಲ್ಲಿ ಉದ್ದನೆಯ ಕೋಲಿನ ತುದಿಗೆ ಬೆಂಕಿ ಕಟ್ಟಿ ಅದಕ್ಕೆ ತಾಗಿಸಿದ್ದ. ಆ ಒಂದು ಸದ್ದಿಗೆ ಎದುರು ಮನೆಯ ಮುದುಕಿ ಪೊಲೀಸರನ್ನು ಕರೆದಿದ್ದಳು; ಪೂವಯ್ಯ ಹಲ್ಲು ಬಿಡುತ್ತಲೇ ಇಪ್ಪತ್ತು ಮಾರ್ಕು ದಂಡ ಕಟ್ಟಿದ್ದ. ಶೇಷಗಿರಿ ಎಷ್ಟು ಒತ್ತಾಯಿಸಿದರೂ ಆ ಹಣ ವಾಪಸು ತೆಗೆದುಕೊಂಡಿರಲಿಲ್ಲ. ಮಗು ಹನ್ನೊಂದು ದಿನ ಬದುಕಿತು. ಹನ್ನೆರಡನೆಯ ದಿನ ಪೂವಯ್ಯ ಬಾಗಿಲಲ್ಲಿ ಬಂದು ನಿಂತು, ಹಾರಿಸಲೇ ಎಂಬಂತೆ ನೋಡಿದಾಗ ಶೇಷಗಿರಿ ಬೇಡವೆಂದು ತಲೆಯಾಡಿಸಿದ್ದ. ಆಮೇಲೆ ಮಕ್ಕಳಾಗಲಿಲ್ಲ.

"ನಿಮ್ಮ ಮನೆಗೆ ನಾನು ಒಂದು ಹೊಡೆದಿದೀನಿ," ಎಂದ ಪೂವಯ್ಯ. "ನನ್ನ ಮನೆಗೆ ನೀವು ಎರಡು ಹೊಡೀಬೇಕು. ಅಷ್ಟೇ."

"ಹೊಡೀತೀನಿ," ಎಂದಿದ್ದ ಶೇಷಗಿರಿ. ಅವನು ಮಾತು ಕೊಡುವುದು ಕಡಿಮೆ. ಕೊಟ್ಟದ್ದನ್ನು ಮುರಿದದ್ದಂತೂ ಇಲ್ಲ.

ಡುರ್ಲಾಖ್‌ನ ಅಂಗಡಿ ಗಡಿಯಾರದ ಅಂಗಡಿಯಷ್ಟೇ ಚಿಕ್ಕದು. ಗಾಜಿನ ಪೆಟ್ಟಿಗೆಗಳ ಹಿಂದೆ ಕ್ರೌಟರ್ ಎಂಬ ದಪ್ಪ ಕನ್ನಡಕದ ಮುದುಕ ನಿಂತಿದ್ದ. ಶೇಷಗಿರಿ ತನ್ನ ಅಗತ್ಯವನ್ನು ಪರೀಕ್ಷೆಯ ಪ್ರಶ್ನೆಯಂತೆ ಅಚ್ಚುಕಟ್ಟಾಗಿ ಮಂಡಿಸಿದ: ಎರಡು ಸದ್ದು, ಒಂದರ ಬೆನ್ನಿಗೆ ಒಂದು, ಮುನ್ನೂರ ಮೂವತ್ತು ಮೀಟರು ದೂರಕ್ಕೆ ಕೇಳಿಸಬೇಕು, ಗುಂಡು ಹಾರುವ ಅಗತ್ಯವಿಲ್ಲ, ಎಂಬತ್ತು ಮಾರ್ಕು.

ಕ್ರೌಟರ್ ಕನ್ನಡಕ ಸರಿಪಡಿಸಿಕೊಂಡ. "ಹೋದ ವರ್ಷ ಬಂದಿದ್ದರೆ ಜೋಡುನಳಿಗೆಯ ಬಂದೂಕನ್ನೇ ಕೊಡುತ್ತಿದ್ದೆ, ಹೆರ್ ಡಾಕ್ಟರ್. ಜನವರಿಯಿಂದ ಹೊಸ ಕಾನೂನು. ನಿಜವಾದ ಕೋವಿಗೆ ಈಗ ಸರಕಾರದ ಕಾರ್ಡು ಬೇಕು. ಏಕೆ ಬೇಕೆಂದು ನೀವು ಅವರಿಗೆ ಕಾರಣ ತೋರಿಸಬೇಕು."

"ಕಾರಣ ಇದೆಯಲ್ಲ. ಸಾವು."

"ಆ ಅರ್ಜಿಯಲ್ಲಿ ಬೇಟೆಗೆ ಜಾಗವಿದೆ, ಕ್ರೀಡೆಗೆ ಜಾಗವಿದೆ. ಸಾವಿಗೆ ಇಲ್ಲ," ಎಂದ ಕ್ರೌಟರ್, ನಗದೆ. "ಸದ್ದಿನ ಪಿಸ್ತೂಲು ಮಾತ್ರ ಕೊಡಬಲ್ಲೆ. ನಳಿಗೆಯ ಬಾಯಿ ಮುಚ್ಚಿರುತ್ತದೆ, ಮದ್ದಿನ ಸದ್ದಷ್ಟೇ ಹೊರಗೆ ಬರುವುದು. ಅದಕ್ಕೆ ಪಾಸ್‌ಪೋರ್ಟು ಸಾಕು."

ಮೊದಲು ಒಂದು ಸಣ್ಣ ರಿವಾಲ್ವರ್ ತೋರಿಸಿದ, ಮೂವತ್ತೊಂಬತ್ತು ಮಾರ್ಕು. ಅದರ ಸದ್ದು ಬಾಟಲಿಯ ಬಿರಡೆ ತೆಗೆದಂತೆ, ನೂರು ಮೀಟರು ದಾಟುವುದಿಲ್ಲ ಎಂದು ತಾನೇ ಒಪ್ಪಿಕೊಂಡು ಅದನ್ನು ಬದಿಗಿಟ್ಟ. ದೂರಕ್ಕೆ ಕೇಳಬೇಕಾದರೆ ಎಂಟು ಮಿಲಿಮೀಟರಿನ ಕಾಡತೂಸು ಬೇಕು. ಅದು ತಾನಾಗಿಯೇ ತುಂಬಿಕೊಳ್ಳುವ ಪಿಸ್ತೂಲಿಗೆ ಬರುವಂಥದ್ದು. ಒಂದು ಈಡು ಹಾರಿದೊಡನೆ ಮೇಲಿನ ಲೋಹದ ಹೊದಿಕೆ ಆ ಒತ್ತಡಕ್ಕೆ ಹಿಂದೆ ಜಾರಿ, ಖಾಲಿ ಕಾಡತೂಸನ್ನು ಹೊರಗೆಸೆದು, ಹಿಡಿಯೊಳಗಿನ ಮುಂದಿನದನ್ನು ಎಳೆದುಕೊಂಡು ಮುಚ್ಚಿಕೊಳ್ಳುತ್ತದೆ. ಬೆರಳು ಮತ್ತೊಮ್ಮೆ ಮಡಿಸಿದರೆ ಸಾಕು. ಒಂದರ ಬೆನ್ನಿಗೆ ಒಂದು.

ಅಂಥವು ಮೂರು ಇದ್ದವು. ಹೊಚ್ಚ ಹೊಸದು ನೂರ ಹದಿನೆಂಟು ಮಾರ್ಕು; ಅದನ್ನು ಶೇಷಗಿರಿ ಮುಟ್ಟಲೂ ಇಲ್ಲ. ಎರಡನೆಯದು ಬಳಸಿದ್ದು, ಆದರೆ ಉಕ್ಕಿನದು, ಕ್ರೌಟರ್ ತಾನೇ ಬಿಚ್ಚಿ ತೊಳೆದು ಎಣ್ಣೆ ಹಾಕಿದ್ದು, ಎಪ್ಪತ್ತೆಂಟು. ಮೂರನೆಯದೂ ಬಳಸಿದ್ದೇ, ಸತುವಿನ ಎರಕದ ಮೈ, ಅಂಚುಗಳಲ್ಲಿ ಬಣ್ಣ ಸವೆದು ಬೂದಿಯಂತೆ ಬಿಳಿಚಿಕೊಂಡಿದ್ದು, ನಲವತ್ತನಾಲ್ಕು.

"ಇದಕ್ಕೂ ಅದಕ್ಕೂ ವ್ಯತ್ಯಾಸವೇನು?"

"ಉಕ್ಕಿನದು ಕೈಕೊಡುವುದಿಲ್ಲ. ಇದು ಹತ್ತಕ್ಕೊಮ್ಮೆ ಮುಂದಿನ ಕಾಡತೂಸನ್ನು ಅಡ್ಡಡ್ಡವಾಗಿ ಕಚ್ಚಿಕೊಂಡು ನಿಲ್ಲುತ್ತದೆ. ಉಕ್ಕಿನದನ್ನೇ ಒಯ್ಯಿರಿ. ಇಪ್ಪತ್ತೈದು ಕಾಡತೂಸಿನ ಒಂದು ಪೆಟ್ಟಿಗೆ ಹತ್ತು ಮಾರ್ಕು. ಇಪ್ಪತ್ತು ಹೊಡೆದು ನೋಡಿ, ಒರೆಸಿ, ಆಮೇಲೆ ನಂಬಿ."

ಎಪ್ಪತ್ತೆಂಟಕ್ಕೆ ಹತ್ತು ಸೇರಿದರೆ ಎಂಬತ್ತೆಂಟು. ಶೇಷಗಿರಿಯ ಬಳಿ ತೊಂಬತ್ತಾರು ನಲವತ್ತು ಇತ್ತು. ಎಡಗಡೆಯ ಜೇಬಿನಿಂದ ಎಂಟು ಮಾರ್ಕು ತೆಗೆದರೆ ಆಗುತ್ತಿತ್ತು. ಆದರೆ ಅವನು ಹಾಗೆ ಯೋಚಿಸುವವನಲ್ಲ. ಅವನು ಗಾಜಿನ ಪೆಟ್ಟಿಗೆಯ ಮೇಲೆ ಬೆರಳಿನಿಂದಲೇ ಲೆಕ್ಕ ಬರೆದ. ಇಲ್ಲಿ ಬೇಕಾದದ್ದು ಎರಡು ಈಡು. ಎಂದರೆ ಪಿಸ್ತೂಲು ತಾನಾಗಿ ತುಂಬಿಕೊಳ್ಳಬೇಕಾದದ್ದು ಒಂದೇ ಸಲ. ಹತ್ತರಲ್ಲಿ ಒಂದು ಸಲ ತಪ್ಪುತ್ತದೆ ಎಂದರೆ ಒಂಬತ್ತು ಸಲ ತಪ್ಪುವುದಿಲ್ಲ. ಮೂವತ್ತನಾಲ್ಕು ಮಾರ್ಕು ಹೆಚ್ಚಿಗೆ ತೆತ್ತು ಕೊಳ್ಳುವುದು ಆ ಉಳಿದ ಹತ್ತನೆಯ ಒಂದು ಪಾಲನ್ನು ಮಾತ್ರ. ಅದು ದುಬಾರಿ. ಗೆಳೆಯನ ಹಣ ಹಾಗೆ ಪೋಲಾಗಬಾರದು.

ವಿದ್ಯಾರ್ಥಿಯೊಬ್ಬ ಹೀಗೆ ಲೆಕ್ಕ ಮಾಡಿದ್ದರೆ ಅವನೇ ಕೆಂಪು ಶಾಯಿಯಲ್ಲಿ ಕೇಳುತ್ತಿದ್ದ: ತಪ್ಪಿದಾಗ ಆಗುವ ನಷ್ಟವೆಷ್ಟು, ಅದನ್ನು ಏಕೆ ಗುಣಿಸಲಿಲ್ಲ? ಆ ದಿನ ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

"ಇದನ್ನು ಪರೀಕ್ಷಿಸಬಹುದೇ?"

ಅಂಗಡಿಯ ನೆಲಮಾಳಿಗೆಯಲ್ಲಿ, ಕಾಯಿಸುವ ಕೊಳವೆಗಳ ಬೆಚ್ಚನೆಯ ಪಕ್ಕದಲ್ಲಿ ನಿಂತು ಕ್ರೌಟರ್ ಎರಡು ಈಡು ಹಾರಿಸಿದ. ಒಂದರ ಬೆನ್ನಿಗೆ ಒಂದು. ಶೇಷಗಿರಿಯ ಕಿವಿ ಗುಂಯ್ ಎಂದಿತು.

"ಎರಡಕ್ಕೆ ಎರಡು," ಎಂದ ಅವನು.

"ಎರಡು ಪರೀಕ್ಷೆಯಲ್ಲ, ಹೆರ್ ಡಾಕ್ಟರ್."

"ಬೇಕಾದದ್ದು ಎರಡೇ."

ಪೆಟ್ಟಿಗೆಯೂ ಬೇಡವೆಂದ. ಪರೀಕ್ಷೆಗೆ ಸುಟ್ಟದ್ದು ಎರಡು, ಕೆಲಸಕ್ಕೆ ಎರಡು. ಒಟ್ಟು ನಾಲ್ಕು ಕಾಡತೂಸು, ಒಂದಕ್ಕೆ ನಲವತ್ತು ಫೆನಿಗ್‌ನಂತೆ ಒಂದು ಮಾರ್ಕು ಅರವತ್ತು. ಬಿಡಿಯಾಗಿ ಮಾರುವ ರೂಢಿ ಇಲ್ಲವೆಂದು ಗೊಣಗುತ್ತ ಕ್ರೌಟರ್ ಪೆಟ್ಟಿಗೆ ಒಡೆದು ಕೊಟ್ಟ. ರಸೀತಿ ಬರೆಯುವಾಗ ಒಂದೇ ಮಾತು ಹೇಳಿದ: "ಬೀದಿಯಲ್ಲಿ ಹೊಡೆಯಬೇಡಿ. ಬೇಲಿ ಹಾಕಿದ ನಿಮ್ಮ ಸ್ವಂತ ನೆಲದಲ್ಲಿ ಹೊಡೆಯಿರಿ."

ಆ ಶುಕ್ರವಾರ ಪೂವಯ್ಯನನ್ನು ಮನೆಗೆ ಕಳುಹಿಸಿದರು. ಆಸ್ಪತ್ರೆಯವರಿಗೆ ಮಾಡುವುದೇನೂ ಉಳಿದಿರಲಿಲ್ಲ. ವಾಲ್ಡ್‌ಸ್ಟಾಟ್ ಬಡಾವಣೆಯ ಮೂರನೆಯ ಮಹಡಿಯ ಮನೆ. ಶೇಷಗಿರಿ ಪಿಸ್ತೂಲನ್ನು ಟವಲಿನಲ್ಲಿ ಸುತ್ತಿ ತಂದು ಮಂಚದ ಮೇಲೆ ಬಿಚ್ಚಿದ. ಪಕ್ಕದಲ್ಲಿ ರಸೀತಿ, ಲಕೋಟೆ, ಲಕೋಟೆಯಲ್ಲಿ ಉಳಿದ ಮೂವತ್ತನಾಲ್ಕು ಮಾರ್ಕು ನಲವತ್ತು ಫೆನಿಗ್.

ಪೂವಯ್ಯ ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದ. ಎಂಟು ವರ್ಷದವನಾಗಿದ್ದಾಗಲೇ ಅಜ್ಜನ ಕೋವಿ ಹೊತ್ತವನು. ಹಗುರವಾದದ್ದು ಅವನಿಗೆ ತಿಳಿಯದೆ ಹೋಗಲಿಲ್ಲ.

"ಮೇಷ್ಟ್ರು ನನ್ನ ಸಾವಿನಲ್ಲೂ ಉಳಿತಾಯ ಮಾಡಿದ್ರಲ್ಲ ದೇಚಮ್ಮ," ಎಂದು ನಕ್ಕ. "ಅಂಗಡಿಯವ ಇನ್ನೊಂದು ತೋರಿಸಿರಬೇಕಲ್ಲ?"

"ತೋರಿಸಿದ. ಎಪ್ಪತ್ತೆಂಟು. ಅಗತ್ಯ ಇರಲಿಲ್ಲ."

"ಹ್ಞೂಂ," ಎಂದ ಪೂವಯ್ಯ. ಲಕೋಟೆಯನ್ನು ಅವನ ಕಡೆಗೇ ತಳ್ಳಿದ. "ಆ ದುಡ್ಡು ನಿಮ್ಮ ಹತ್ತಿರವೇ ಇರಲಿ. ಈಡಿಗೆ ಅಂತ ಕೊಟ್ಟದ್ದು. ಈಡು ಹೊಡೆದ ಮೇಲೆ ಕೊಡಿ."

ದೇಚಮ್ಮ ಒಳಗಿನಿಂದ ಕುಂಕುಮದ ಬಟ್ಟಲು ತಂದಳು. ಅವಳ ಊರಿನಲ್ಲಿ ಕೋವಿಗೆ ಏರಿಸುವ ಕೆಂಪು ಹಳದಿಯ ಕಾಡುಹೂವೊಂದಿದೆ. ತೋಕ್ ಪೂ ಎನ್ನುತ್ತಾರೆ. ಅದು ಇಲ್ಲಿ ಸಿಗುವಂಥದ್ದಲ್ಲ. ಹೂದಾನಿಯಲ್ಲಿದ್ದ ಒಂದು ಸೇವಂತಿಗೆಯನ್ನು ಮುರಿದು, ಆ ಸತುವಿನ ಪಿಸ್ತೂಲಿನ ಮೇಲಿಟ್ಟು, ಕುಂಕುಮ ಹಚ್ಚಿ ಕೈಮುಗಿದಳು. ಶೇಷಗಿರಿ ಮುಖ ತಿರುಗಿಸಿಕೊಂಡ.

ಪಿಸ್ತೂಲು ಮೊದಲು ಶೇಷಗಿರಿಯ ಅಡುಗೆಮನೆಯ ಕಪಾಟಿನಲ್ಲಿತ್ತು. ಮೂರನೆಯ ದಿನ ಅನಸೂಯ ಮುಷ್ಕರ ಹೂಡಿದಳು.

"ಏನೂಂದ್ರೆ, ಅಕ್ಕಿ ಡಬ್ಬದ ಹಿಂದೆ ಅದನ್ನ ಇಟ್ಟರೆ ನಾನು ಅನ್ನ ಮಾಡೋದು ಹೇಗೆ? ಮಡಿ ಹಾಳಾಗಿ ಹೋಗಲಿ, ಭಯ ಆಗತ್ತೆ. ತೋಟದ ಶೆಡ್ಡಿನಲ್ಲಿಡಿ."

ಪೂವಯ್ಯನ ಮನೆಯ ಹಿಂದೆ, ರೈಲು ಹಳಿಯಾಚೆ, ಊರವರು ಬಾಡಿಗೆಗೆ ಹಿಡಿಯುವ ತುಂಡು ತೋಟಗಳ ಸಾಲು. ಅದರಲ್ಲೊಂದರಲ್ಲಿ ಅನಸೂಯ ಕೊತ್ತಂಬರಿ, ಮೆಂತ್ಯ ಬೆಳೆಯುತ್ತಿದ್ದಳು. ಈಡು ಹೊಡೆಯಬೇಕಾದದ್ದೂ ಅಲ್ಲಿಯೇ. ಬೇಲಿಯಿತ್ತು. ಪೂವಯ್ಯನ ಕಿಟಕಿಗೆ ಮುನ್ನೂರ ಮೂವತ್ತು ಮೀಟರು. ಚಳಿಯಲ್ಲಿ ಸದ್ದಿಗೆ ಹಿಡಿಯುವ ಕಾಲ ಸರಿಯಾಗಿ ಒಂದು ಸೆಕೆಂಡು. ಶೇಷಗಿರಿ ಎರಡು ಕಾಡತೂಸನ್ನೂ ತುಂಬಿ, ಟವಲು ಸುತ್ತಿ, ಗುದ್ದಲಿ ಬುಟ್ಟಿಗಳ ನಡುವೆ ಅಟ್ಟದ ಮೇಲೆ ಇಟ್ಟುಬಂದ. ಇಟ್ಟದ್ದು ಇಟ್ಟಂತೆಯೇ ಇತ್ತು. ನವೆಂಬರಿನ ಮಂಜು ಹಲಗೆಗಳ ಸಂದಿನಲ್ಲಿ ನುಸುಳಿ ಬಂದು, ಹಳೆಯ ಎಣ್ಣೆಯನ್ನು ಅಂಟಾಗಿಸಿ, ತಣ್ಣಗೆ ತನ್ನ ಕೆಲಸ ಮಾಡುತ್ತಿತ್ತು.

ಪೂವಯ್ಯ ಡಾಕ್ಟರರ ಲೆಕ್ಕವನ್ನು ಐದು ದಿನ ಮೀರಿದ. ನವೆಂಬರ್ ಇಪ್ಪತ್ತೈದು, ಭಾನುವಾರ, ಬೆಳಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ, ಬಿಸಿನೀರು ಕೇಳಿ, ಬರುವಷ್ಟರಲ್ಲಿ ಹೋಗಿಬಿಟ್ಟ. ಶೇಷಗಿರಿ ದಂಪತಿಗಳು ಹಿಂದಿನ ಸಂಜೆಯಿಂದ ಅಲ್ಲಿಯೇ ಇದ್ದರು. ಅನಸೂಯ ದೇಚಮ್ಮನ ಕೈ ಹಿಡಿದುಕೊಂಡಳು. ದೇಚಮ್ಮ ಅಳಲಿಲ್ಲ. ಗಂಡನ ಗದ್ದ ಕಟ್ಟಿ, ಕಾಲಿನ ಹೆಬ್ಬೆರಳು ಜೋಡಿಸಿ ಕಟ್ಟಿ, ಎದ್ದು ಕಿಟಕಿಯ ಎರಡೂ ಬಾಗಿಲು ತೆರೆದಳು.

"ಹೋಗಿ ಬನ್ನಿ ಅಣ್ಣ," ಎಂದಳು.

ಪೆಟ್ರೋಲಿನ ಅಭಾವದಿಂದ ಸರಕಾರ ದೇಶಕ್ಕೆಲ್ಲ ಕಾರು ನಿಷೇಧಿಸಿದ್ದ ಮೊದಲನೆಯ ಭಾನುವಾರವದು. ರಸ್ತೆಗಳು ತೊಳೆದಿಟ್ಟ ತಟ್ಟೆಯಂತೆ ಖಾಲಿಯಾಗಿದ್ದವು. ಹೆದ್ದಾರಿಯ ಕಡೆಯಿಂದ ಹದಿನಾರು ವರ್ಷದಲ್ಲಿ ಒಂದು ದಿನವೂ ನಿಲ್ಲದಿದ್ದ ಮೊರೆತ ನಿಂತಿತ್ತು. ನಡೆಯುತ್ತ ಶೇಷಗಿರಿಗೆ ತನ್ನ ಬೂಟಿನ ಸದ್ದು ಎದುರಿನ ಗೋಡೆಗೆ ತಾಗಿ ಮರಳುವುದು ಕೇಳಿಸುತ್ತಿತ್ತು. ಇಂಥ ದಿನ ಮುನ್ನೂರ ಮೂವತ್ತಲ್ಲ, ಮೂರು ಸಾವಿರ ಮೀಟರಿಗೂ ಕೇಳುತ್ತದೆ ಎಂದುಕೊಂಡ. ಪೂವಯ್ಯ ದಿನ ನೋಡಿಯೇ ಹೊರಟಂತಿತ್ತು.

ಶೆಡ್ಡಿನ ಬೀಗ ಮಂಜುಗಟ್ಟಿತ್ತು. ಟವಲು ಬಿಚ್ಚಿದ. ಸೇವಂತಿಗೆಯ ಒಂದು ಎಸಳು ಇನ್ನೂ ಹಿಡಿಗೆ ಅಂಟಿಕೊಂಡಿತ್ತು. ಕೊತ್ತಂಬರಿ ಮಡಿಯ ಪಕ್ಕದಲ್ಲಿ ನಿಂತು, ಕಿಟಕಿಯ ಕಡೆ ಮುಖ ಮಾಡಿ, ಕೈಯನ್ನು ಆಕಾಶಕ್ಕೆ ನೆಟ್ಟಗೆ ಎತ್ತಿದ. ದೂರದಲ್ಲಿ ತೆರೆದ ಕಿಟಕಿಯ ಕಪ್ಪು ಚೌಕ ಕಾಣುತ್ತಿತ್ತು. ಅದರೊಳಗೆ ಒಂದು ಬಿಳಿ ಚುಕ್ಕೆ. ದೇಚಮ್ಮನೇ ಇರಬೇಕು.

ಬೆರಳು ಮಡಿಸಿದ.

ಸದ್ದು ತೋಟಗಳ ಮೇಲೆ, ಹಳಿಗಳ ಮೇಲೆ ಉರುಳಿಕೊಂಡು ಹೋಗಿ, ಮಹಡಿ ಮನೆಗಳಿಗೆ ಬಡಿದು, ಕಾಡಿನ ಅಂಚಿಗೆ ಬಡಿದು ಮರಳಿತು. ಕಾಗೆಗಳು ಒಮ್ಮೆಲೇ ಎದ್ದವು. ಅವನು ಮತ್ತೆ ಬೆರಳು ಮಡಿಸಿದ.

ಬೆರಳು ಮಡಿಚಿಕೊಂಡಿತು. ಬೇರೇನೂ ಆಗಲಿಲ್ಲ.

ಕೈ ಇಳಿಸಿ ನೋಡಿದ. ಮೇಲಿನ ಹೊದಿಕೆ ಅರ್ಧಕ್ಕೆ ನಿಂತಿತ್ತು. ಅದರ ಬಾಯಲ್ಲಿ ಎರಡನೆಯ ಕಾಡತೂಸು ಅಡ್ಡಡ್ಡವಾಗಿ, ನಾಯಿ ಎಲುಬು ಕಚ್ಚಿಕೊಂಡಂತೆ. ಕ್ರೌಟರ್ ಹೇಳಿದ್ದು ಅಕ್ಷರಶಃ ಕಣ್ಣೆದುರಿಗಿತ್ತು. ಶೇಷಗಿರಿ ಹೊದಿಕೆಯನ್ನು ಎಳೆದ. ಅಲುಗಲಿಲ್ಲ. ಮಂಡಿಗೆ ಒತ್ತಿ ಎಳೆದ. ಗುದ್ದಲಿಯ ಕಾವಿಗೆ ಬಡಿದ. ಕಾಡತೂಸು ಕೊನೆಗೆ ಮಣ್ಣಿಗೆ ಬಿದ್ದಾಗ ಅದರ ಹಿತ್ತಾಳೆಯ ಬಾಯಿ ನಜ್ಜುಗುಜ್ಜಾಗಿ ಮದ್ದು ಸೋರಿಹೋಗಿತ್ತು. ಮೂರನೆಯದು ಇರಲಿಲ್ಲ. ಬಿಡಿಯಾಗಿ ನಾಲ್ಕೇ ಸಾಕೆಂದು ಪೆಟ್ಟಿಗೆ ಒಡೆಸಿದವನು ಅವನೇ. ಇಪ್ಪತ್ತೊಂದು ಕಾಡತೂಸು ಡುರ್ಲಾಖ್‌ನ ಅಂಗಡಿಯಲ್ಲಿ ಬೀಗದೊಳಗಿದ್ದವು, ಮತ್ತು ದಿನ ಭಾನುವಾರ.

ಒಂದು ನಿಮಿಷವಾಯಿತು. ಎರಡಾಯಿತು. ಕಿಟಕಿಯ ಬಿಳಿ ಚುಕ್ಕೆ ಕದಲದೆ ನಿಂತಿತ್ತು. ಬಾಯಿಂದಲಾದರೂ ಕೂಗಲೇ ಎಂದು ಒಂದು ಕ್ಷಣ ಅವನಿಗೆ ಅನ್ನಿಸಿತು. ಏನೆಂದು ಕೂಗುವುದೋ ತಿಳಿಯಲಿಲ್ಲ.

ಮೊದಲು ಬಂದವನು ತೋಟದ ಸಂಘದ ಅಧ್ಯಕ್ಷ, ಉಣ್ಣೆಯ ಟೋಪಿಯಲ್ಲಿ. ಅವನ ಹಿಂದೆ ಇಬ್ಬರು ಪೊಲೀಸರು. ಬೇಲಿ ಇದೆ ಎಂದು ಶೇಷಗಿರಿ ತೋರಿಸಿದ. ಬೇಲಿ ನಿಮ್ಮದು, ನೆಲ ಸಂಘದ್ದು, ಅದರ ಅನುಮತಿ ಎಲ್ಲಿ ಎಂದು ಅವರು ಕೇಳಿದರು. ಪಿಸ್ತೂಲನ್ನು ಚೀಲಕ್ಕೆ ಹಾಕಿಕೊಂಡರು. ಏಕೆ ಹಾರಿಸಿದಿರೆಂದು ಬರೆದುಕೊಳ್ಳಲು ಚಿಕ್ಕ ವಯಸ್ಸಿನ ಪೊಲೀಸನು ಪೆನ್ನು ತೆಗೆದ.

"ಗೆಳೆಯನೊಬ್ಬ ತೀರಿಕೊಂಡ," ಎಂದ ಶೇಷಗಿರಿ.

ಪೊಲೀಸನು, ದುಃಖವಾಯಿತು ಎಂದು ಹೇಳಿ, ಭಾನುವಾರದ ಶಾಂತಿಭಂಗ ಎಂದು ಬರೆದುಕೊಂಡ.

ಮೂರನೆಯ ಮಹಡಿಗೆ ಅರವತ್ತೆರಡು ಮೆಟ್ಟಿಲು. ದೇಚಮ್ಮ ಇನ್ನೂ ಕಿಟಕಿಯ ಬಳಿಯೇ ಇದ್ದಳು. ಕೋಣೆ ಹೊರಗಿನಷ್ಟೇ ತಣ್ಣಗಾಗಿತ್ತು.

"ಒಂದೇ ಕೇಳಿಸ್ತು ಅಣ್ಣ."

"ಒಂದೇ ಹಾರಿತು. ಎರಡನೆಯದು ಸಿಕ್ಕಿಕೊಂಡಿತು, ತಾಯಿ."

ಅವಳು ತಲೆಯಾಡಿಸಿದಳು. "ಊರಲ್ಲಿ ಆಗಿದ್ರೆ ಯಾರ ಮನೇಲಿ ಗಂಡು ಮಗು ಅಂತ ಕೇಳ್ಕೊಂಡು ಬರ್ತಿದ್ರು," ಎಂದಳು. ನಗುವಿಗೆ ಹೊರಟ ತುಟಿ ಅಲ್ಲಿಗೇ ನಿಂತು, ಆಗ ಮೊದಲ ಸಲ ಅವಳಿಗೆ ಅಳು ಬಂತು.

"ನಾಳೆ ಅಂಗಡಿ ತೆಗೆಯುತ್ತೆ," ಎಂದ ಶೇಷಗಿರಿ. "ಉಕ್ಕಿನದನ್ನೇ ತರ್ತೀನಿ. ನಾಳೆ ಇನ್ನೊಂದು ಹೊಡೆದು..."

"ನಾಳೆ ಹೊಡೆದರೆ ಅದೂ ಒಂದೇ. ಇವತ್ತಿನದಕ್ಕೆ ಸೇರಲ್ಲ."

"ಹಾಗಾದರೆ ಎರಡು ಹೊಡೀತೀನಿ."

"ಮೂರಾಯ್ತು. ಮೂರಕ್ಕೆ ನಮ್ಮಲ್ಲಿ ಅರ್ಥವೇ ಇಲ್ಲ ಅಣ್ಣ. ಬಿಡಿ."

ಅವನು ಜೇಬಿನಿಂದ ಲಕೋಟೆ ತೆಗೆದು ಮೇಜಿನ ಮೇಲಿಟ್ಟ. ಅವಳು ಅದನ್ನು ನೋಡಿದಳು, ಮುಟ್ಟಲಿಲ್ಲ.

"ಈಡು ಹೊಡೆದ ಮೇಲೆ ಕೊಡಿ ಅಂತಲ್ವಾ ಅವರು ಹೇಳಿದ್ದು?" ಎಂದು ಕಿಟಕಿ ಮುಚ್ಚಿದಳು.

ಮಧ್ಯಾಹ್ನ ಶವ ಒಯ್ಯುವವರು ಬಂದು ಹೋದ ಮೇಲೆ ಗಂಡ ಹೆಂಡಿರು ನಡೆದೇ ಮನೆಗೆ ಹೊರಟರು. ಹೆದ್ದಾರಿಯ ಮೇಲೆ ಜನ ಮಕ್ಕಳನ್ನು ಕರೆದುಕೊಂಡು ತಿರುಗಾಡುತ್ತಿದ್ದರು. ಒಂದು ಹುಡುಗಿ ರಸ್ತೆಯ ನಟ್ಟನಡುವೆ ಸ್ಕೇಟು ಕಟ್ಟಿಕೊಂಡು ಜಾರುತ್ತಿದ್ದಳು. ಇಡೀ ಊರು ರಜೆಯ ಮೇಲಿತ್ತು. ಸೇತುವೆಯ ಹತ್ತಿರ ಅನಸೂಯ ಮಾತಾಡಿದಳು.

"ಒಂದೇ ಕೇಳಿದಾಗ, ಕಾಯ್ತಾ ನಿಂತಿದ್ವಲ್ಲ... ಪೂವಯ್ಯನವರು ನೆನಪಾಗಲಿಲ್ಲ ರೀ. ನಮ್ಮ ಮಗು ನೆನಪಾಯ್ತು. ಹಾಗೆ ನೆನೆದದ್ದಕ್ಕೆ ನನಗೆ ಪಾಪ ಹತ್ತಿತೋ ಏನೋ."

ಶೇಷಗಿರಿ ಅವಳ ಕೈ ಹಿಡಿದು ಸೇತುವೆ ದಾಟಿಸಿದ.

ಡಿಸೆಂಬರ್ ಏಳರಂದು ಅವನು ಪೊಲೀಸ್ ಕಚೇರಿಯ ಮೂರನೆಯ ಕಿಂಡಿಯಲ್ಲಿ ಎಡಗಡೆಯ ಜೇಬಿನಿಂದ ಮೂವತ್ತು ಮಾರ್ಕು ದಂಡ ಕಟ್ಟಿದ. ರಸೀತಿಯ ಮೇಲೆ 'ತೀರಿತು' ಎಂದು ಬರೆದು, ಪೂವಯ್ಯನ ಇಪ್ಪತ್ತು ಮಾರ್ಕಿನ ಹಳೆಯ ರಸೀತಿಯ ಜೊತೆಗೆ ಮೇಜಿನ ಖಾನೆಯಲ್ಲಿಟ್ಟ. ಅವುಗಳ ಕೆಳಗೆ ಲಕೋಟೆ ಇತ್ತು, ಮೂವತ್ತನಾಲ್ಕು ಮಾರ್ಕು ನಲವತ್ತು ಫೆನಿಗ್. ಅದನ್ನು ಎರಡು ಸಲ ಅಂಚೆಯಲ್ಲಿ ಕಳುಹಿಸಿದ. ಎರಡು ಸಲವೂ ದೇಚಮ್ಮ ಬಿಚ್ಚದೆ ಹಿಂತಿರುಗಿಸಿದಳು. ಮಾರ್ಚಿನಲ್ಲಿ ಅವಳು ಬೂದಿಯ ಕಲಶದೊಡನೆ ಊರಿಗೆ ಹೊರಟುಹೋದಳು. ಅಲ್ಲಿ ಕೋವಿಗಳು ಬೇಕಾದಷ್ಟಿವೆ. ಆದರೆ ಬೂದಿಗೆ ಈಡು ಹೊಡೆಯುವ ಪದ್ಧತಿ ಇಲ್ಲವೆಂದು ಕಾಗದ ಬರೆದಳು.

ಶೇಷಗಿರಿ ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಬರೆದ: ಪೂವಯ್ಯನಿಗೆ ಸಲ್ಲಬೇಕಾದದ್ದು, ಈಡು ಎರಡು. ಸಂದದ್ದು... ಅಲ್ಲಿ ಒಂದು ಎಂದು ಬರೆಯಹೊರಟ. ಒಂದು ಹುಟ್ಟಿನ ಲೆಕ್ಕ. ಸೊನ್ನೆ ಎಂದು ಬರೆದು ಖಾನೆ ಮುಚ್ಚಿದ.